ಪಡಸಾಲೆಯ ಮೆಟ್ಟಿಲಿನಿಂದ

ಬಬಲೇಶ್ವರ
೧೨ ಆಗಸ್ಟ್ ೧೯೬೬

ತಿಕೋಟಾ ವಾಡೆಯ ಸೋನಾಬಾಯಿಯವರಿಗೆ ಬಾನುಬಿಯ ಸಲಾಮು.

ಈ ಕಡೆ ಮಳೆ ಒಂದೇ ಹದ ಆಗಿದೆ. ಮೊಣಕಾಲು ನೋವೊಂದು ಬಿಟ್ಟರೆ ನಮ್ಮ ಅವ್ವ ಆರಾಮವಿದ್ದಾಳೆ. ಅಣ್ಣ ಮೆಹಬೂಬ ಕಲ್ಲಿನ ಖಣಿಗೆ ಹೋಗುತ್ತಾನೆ. ಯುಗಾದಿಗೆ ನೀವು ಕಳಿಸಿದ ಜೋಳ ಇನ್ನೂ ಇದೆ. ಪ್ರತಿ ವರ್ಷ ಆ ಚೀಲ ಬಂದಾಗ ಅವ್ವ ಅದನ್ನು ಮೂಲೆಗೆ ಇಡಿಸಿ ಸುಮ್ಮನಾಗುತ್ತಾಳೆ. ನಿಮಗೆ ಒಳ್ಳೆಯದಾಗಲಿ ಎಂದು ಬೇಡುವವಳು ನಾನು.

ನಿಮ್ಮಿಂದಲೇ ಮುಲ್ಕಿ ಪರೀಕ್ಷೆ ಪಾಸಾಗಿ, ವಿಜಾಪುರದಲ್ಲಿ ಟ್ರೇನಿಂಗ್ ಮುಗಿಸಿ, ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಬಂದು ಎರಡು ವರ್ಷ ತುಂಬಿತು. ಬರುವ ಮಾರ್ಚಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೊರಗಿನಿಂದ ಕೂಡುತ್ತೇನೆ. ಇಂಗ್ಲಿಷ್ ಒಂದರದೇ ಹೆದರಿಕೆ. ಜೊತೆಯ ಶಿಕ್ಷಕಿ ರೇಣುಕವ್ವ, “ಇಂಗ್ಲಿಷ್ ಕಲ್ತು ಯಾರ ಜೋಡಿ ಮಾತಾಡ್ತಿ ಬೇ? ಬಬಲೇಶ್ವರದ ಎಮ್ಮಿ ಜೋಡಿ?” ಎಂದು ಚಾಷ್ಟಿ ಮಾಡುತ್ತಾಳೆ. “ಎಮ್ಮಿ ತಪ್ಪು ಹಿಡಿಯಾಂಗಿಲ್ಲಲ್ಲ, ಅದಕ್ಕ” ಎಂದೆ.

ಪುಸ್ತಕದಲ್ಲಿ ಹತ್ತು ನುಡಿಗಟ್ಟು ಕೊಟ್ಟಿದ್ದಾರೆ. ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಉಪಯೋಗಿಸಬೇಕು. ಒಂಬತ್ತು ಹೇಗೋ ಆದವು. ‘ಟು ಟರ್ನ್ ಎ ಬ್ಲೈಂಡ್ ಐ’ ಎಂಬುದು ಮಾತ್ರ ಕೈಗೆ ಸಿಗಲಿಲ್ಲ. ಕುರುಡು ಕಣ್ಣನ್ನು ತಿರುಗಿಸಿ ಮಾಡುವುದೇನು? ಈ ಸುತ್ತಿನಲ್ಲಿ ಮೆಟ್ರಿಕ್ ತನಕ ಓದಿದ ಹೆಣ್ಣುಮಗಳು ನೀವೊಬ್ಬರೇ. ದಯವಿಟ್ಟು ತಿಳಿಸಬೇಕು.

ನಿಮ್ಮ ಉಪಕಾರದಲ್ಲಿರುವ
ಬಾನುಬಿ


ತಿಕೋಟಾ
೨೧ ಆಗಸ್ಟ್ ೧೯೬೬

ಚಿರಂಜೀವಿ ಬಾನುಬಿಗೆ ಸೋನಾಬಾಯಿಯ ಆಶೀರ್ವಾದ.

ಮೊದಲು ತಪ್ಪು ಹೇಳುತ್ತೇನೆ. ನಿನ್ನ ಪತ್ರದಲ್ಲಿ ಮೂರು ಕಡೆ ಮಸಿ ಚೆಲ್ಲಿದೆ. ಶಿಕ್ಷಕಿಯ ಪತ್ರ ಹಾಗಿರಬಾರದು. ಎಮ್ಮೆಯ ಮಾತನ್ನು ಓದಿ ನಕ್ಕೆ, ಆದರೆ ಹಿರಿಯರಿಗೆ ಬರೆಯುವ ಪತ್ರದಲ್ಲಿ ಅದು ಬೇಕಿರಲಿಲ್ಲ.

ಈಗ ನಿನ್ನ ನುಡಿಗಟ್ಟು. ಕಣ್ಣಿಗೆ ಕಂಡದ್ದನ್ನು ಬೇಕೆಂದೇ ಕಾಣದವರಂತೆ ಇರುವುದು ಎಂದು ಅದರ ಅರ್ಥ. ನಮ್ಮಲ್ಲಿ ಜಾಣಕುರುಡು ಎನ್ನುತ್ತೇವಲ್ಲ, ಅದೇ. ನಾನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುವಾಗ ನಮ್ಮ ಇಂಗ್ಲಿಷ್ ಮಾಸ್ತರರು ಇದರ ಕಥೆ ಹೇಳಿದ್ದರು. ಇಂಗ್ಲಿಷರ ಹಡಗುಪಡೆಯ ಸರದಾರನೊಬ್ಬನಿಗೆ ಒಂದು ಕಣ್ಣು ಹೋಗಿತ್ತು. ಯುದ್ಧ ನಡೆದಾಗ ಅವನ ಮೇಲಿನವನು ಹಿಂದಕ್ಕೆ ಬಾ ಎಂದು ಬಾವುಟ ತೋರಿಸಿದ. ಇವನು ದುರ್ಬೀನನ್ನು ಕುರುಡು ಕಣ್ಣಿಗೆ ಹಿಡಿದು, ನನಗೇನೂ ಕಾಣಿಸುತ್ತಿಲ್ಲ ಎಂದನಂತೆ. ಯುದ್ಧ ಗೆದ್ದದ್ದರಿಂದ ಅದನ್ನು ಈಗಲೂ ಹೊಗಳುತ್ತಾರೆ. ಸೋತಿದ್ದರೆ ಏನೆನ್ನುತ್ತಿದ್ದರೋ.

ಉಪಯೋಗ: ‘ಹೆಡ್‌ಮಾಸ್ತರರು ತಡವಾಗಿ ಬರುವ ಹುಡುಗರನ್ನು ಕಂಡೂ ಕಾಣದಂತಿದ್ದರು.’ ಇದನ್ನು ಇಂಗ್ಲಿಷಿಗೆ ಮಾಡಿಕೋ. ಇನ್ನೆರಡು ವಾಕ್ಯ ನೀನೇ ಮಾಡಿ ಕಳಿಸು, ತಿದ್ದುತ್ತೇನೆ.

ಹಣಮಂತರಾಯನನ್ನು ಈ ವರ್ಷ ಪಂಚಾಯತಿಯ ಚೇರ್ಮನ್ ಮಾಡಿದ್ದಾರೆ. ನಾವು ಕೇಳಿರಲಿಲ್ಲ, ಊರವರೇ ಮನೆಗೆ ಬಂದು ಒಪ್ಪಿಸಿದರು. ತಾಯಿಯಾಗಿ ಇಷ್ಟು ಬರೆದರೆ ತಪ್ಪಲ್ಲ ಎಂದುಕೊಳ್ಳುತ್ತೇನೆ.

ಸೋನಾಬಾಯಿ


ಬಬಲೇಶ್ವರ
೪ ಸೆಪ್ಟೆಂಬರ್ ೧೯೬೬

ಸೋನಾಬಾಯಿಯವರಿಗೆ ಸಲಾಮು.

ಈ ಸಲ ಪೆನ್ನಿಗೆ ಹೊಸ ಟಾಕು ಹಾಕಿ ಬರೆಯುತ್ತಿದ್ದೇನೆ, ಮಸಿ ಚೆಲ್ಲುವುದಿಲ್ಲ.

ನಿಮ್ಮ ಪತ್ರ ಓದಿ ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. ಇಂಗ್ಲಿಷಿನಲ್ಲಿ ಮಾಡಿದ ವಾಕ್ಯಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಅವುಗಳ ಕನ್ನಡ ಹೀಗಿದೆ. ಒಂದು: ‘ನಮ್ಮ ಅವ್ವ ಬೆಕ್ಕು ಹಾಲು ಕುಡಿಯುವುದನ್ನು ಕಂಡೂ ಕಾಣದಂತಿರುತ್ತಾಳೆ.’ ಎರಡನೆಯದನ್ನು ಬರೆಯುವಾಗ ಕಣ್ಣಲ್ಲಿ ನೀರು ಬಂತು. ‘ನಮ್ಮ ತಂದೆಯ ತಪ್ಪನ್ನು ದೊಡ್ಡ ಮನೆಯ ಬಾಯಿಯವರು ಕಂಡೂ ಕಾಣದಂತಿದ್ದು ನಮ್ಮನ್ನು ಕಾಪಾಡಿದರು.’

ಅಪ್ಪ ಹೋದಾಗ ನನಗೆ ಹದಿಮೂರು. ಆದರೂ ಎಲ್ಲ ನೆನಪಿದೆ. ಜೋಳ ತುಂಬಿ ಮುಚ್ಚಿದ ನೆಲದೊಳಗಿನ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಬಾಯಿ ತೆರೆದು ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಆ ದಿನ ಯಾರೂ ಇಳಿಯಬಾರದು ಎಂದು ನಮಗೆ ದಿನಾ ಹೇಳುತ್ತಿದ್ದವನು ಅಪ್ಪನೇ. ಅಂಥವನು ಅಂದು ದೀಪವನ್ನೇ ಹಚ್ಚದೆ ಹೇಗೆ ಇಳಿದ? ಹಣಮಂತರಾಯರು ಬ್ಯಾಡ ಬ್ಯಾಡ ಎಂದರೂ ಕೇಳಲಿಲ್ಲವಂತೆ. ಪಂಚನಾಮೆಯಲ್ಲಿ ಹಾಗೇ ಬರೆದಿದೆ. ಬೇರೆ ಯಾರಾದರೂ ಆಗಿದ್ದರೆ ನಮ್ಮ ಹೆಸರನ್ನು ಬಾಗಿಲಿಗೂ ಬರಗೊಡುತ್ತಿರಲಿಲ್ಲ. ನೀವು ವರ್ಷವರ್ಷ ಜೋಳ ಕೊಟ್ಟಿರಿ, ನನ್ನನ್ನು ಓದಿಸಿದಿರಿ.

ವಾಕ್ಯ ಸರಿಯಾಗಿದೆಯೋ ಇಲ್ಲವೋ ಹೇಳಿರಿ.

ಬಾನುಬಿ


ತಿಕೋಟಾ
೨ ಅಕ್ಟೋಬರ್ ೧೯೬೬

ಬಾನುಬಿಗೆ.

ಮೊದಲನೆಯ ವಾಕ್ಯ ಸರಿ ಇದೆ. ಎರಡನೆಯದನ್ನು ಹೊಡೆದುಹಾಕು. ಪರೀಕ್ಷೆಯ ಕಾಗದದಲ್ಲಿ ಮನೆಯ ಮಾತು ಬರೆಯಬಾರದು.

ಈಚೆಗೆ ನನ್ನ ಕಣ್ಣು ಸರಿಯಿಲ್ಲ. ಹೆಚ್ಚು ಬರೆಯಲಾರೆ. ಬೇರೆ ನುಡಿಗಟ್ಟುಗಳಿದ್ದರೆ ಅಲ್ಲಿಯ ಮಾಸ್ತರರನ್ನು ಕೇಳು.

ಸೋನಾಬಾಯಿ


ಬಬಲೇಶ್ವರ
೧೮ ಅಕ್ಟೋಬರ್ ೧೯೬೬

ಪೂಜ್ಯ ಸೋನಾಬಾಯಿಯವರಿಗೆ ಸಲಾಮು.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಮ್ಮಪ್ಪನ ತಪ್ಪನ್ನೂ ನಿಮ್ಮ ಮನೆಯ ಹೆಸರನ್ನೂ ಒಂದೇ ಸಾಲಿನಲ್ಲಿ ತಂದೆನೆಂದು ನಿಮಗೆ ಸಿಟ್ಟು ಬಂದಿದೆ. ತಿಳಿಯದೆ ಮಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ನಿಮ್ಮ ಕಣ್ಣಿಗೆ ಹೀಗಾದ ಹೊತ್ತಿನಲ್ಲಿ ಕೇಳಬಾರದು, ಆದರೆ ಕೇಳದೆ ದಾರಿಯಿಲ್ಲ. ನಮ್ಮ ಮೆಹಬೂಬ ಕಲ್ಲಿನ ಧೂಳು ಕುಡಿದು ಕೆಮ್ಮುತ್ತಾನೆ. ಅವನಿಗೆ ಬರುವ ಕೆಲಸ ಹಗೇವಿನದು, ಹೊನವಾಡದಲ್ಲಿ ಚಿಕ್ಕಪ್ಪನ ಕೈಕೆಳಗೆ ಕಲಿತಿದ್ದಾನೆ. ಇಲ್ಲಿಯ ಸಿದ್ದರಾಯರ ಮನೆಯಲ್ಲಿ ಆರು ಹಗೇವು ಇವೆ. ವರ್ಷಪೂರ್ತಿ ಕೆಲಸ, ಇರಲು ಒಂದು ಖೋಲಿ. ಅಣ್ಣ ಹೋಗಿ ಕೇಳಿದ. ಅವರು ಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ, “ದೀಪ ತೋರಸಲಾರದ ಇಳದವನ ಮಗ ಹೌದಲ್ಲೊ ನೀ? ನಮ್ಮ ಹಗೇವ್‌ನ್ಯಾಗ ಹೆಣ ಬೀಳೂದು ಬ್ಯಾಡಪ್ಪಾ” ಎಂದರಂತೆ. ಆಮೇಲೆ ನಾನು ಹೋಗಿ ಬೇಡಿಕೊಂಡಾಗ, “ತಿಕೋಟಾ ಬಾಯಾರು ಒಂದು ಮಾತು ಬರದ್ರ ನೋಡೂಣು” ಎಂದಿದ್ದಾರೆ.

ಇದೂ ಆಗದಿದ್ದರೆ ಸೊಲ್ಲಾಪುರದ ಗಿರಣಿಗೆ ಹೋಗುತ್ತೇನೆ, ನಮ್ಮಪ್ಪನ ಹೆಸರು ಯಾರಿಗೂ ಗೊತ್ತಿಲ್ಲದ ಊರು ಬೇಕು ಎನ್ನುತ್ತಾನೆ ಅಣ್ಣ. ಆ ಮಾತು ಕೇಳಿ ಅವ್ವ ಎರಡು ದಿನ ಉಣ್ಣಲಿಲ್ಲ.

ಒಂದೇ ಒಂದು ಚೀಟಿ ಬರೆದುಕೊಡಿರಿ.

ಬಾನುಬಿ


ತಿಕೋಟಾ
೨೬ ಅಕ್ಟೋಬರ್ ೧೯೬೬

ಬಾನುಬಿಗೆ.

ಸಿದ್ದರಾಯರಿಗೆ ಬರೆದ ಚೀಟಿ ಇದರೊಳಗಿದೆ. ಕೊಡು. ಉತ್ತರ ಬರೆಯುವ ಕಾರಣವಿಲ್ಲ.

ಸೋ.

(ಚೀಟಿ)

ಶ್ರೀ ಸಿದ್ದರಾಯ ಇವರಿಗೆ ತಿಕೋಟಾದಿಂದ ಸೋನಾಬಾಯಿಯ ನಮಸ್ಕಾರ. ಈ ಪತ್ರ ತರುವ ಮೆಹಬೂಬ ನಂಬಿಗಸ್ತ, ಎಚ್ಚರದ ಮನುಷ್ಯ. ತಂದೆಯ ತಪ್ಪನ್ನು ಮಗನ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮ ಮನೆಯವರೇ ಅದನ್ನು ಮರೆತಿದ್ದೇವೆ. ತಾವೂ ಕೆಲಸ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.


ಬಬಲೇಶ್ವರ
೨೦ ನವೆಂಬರ್ ೧೯೬೬

ಸೋನಾಬಾಯಿಯವರಿಗೆ.

ಉತ್ತರ ಬೇಡವೆಂದಿದ್ದಿರಿ. ಆದರೆ ಆದದ್ದನ್ನು ತಿಳಿಸಬೇಕು.

ಸಿದ್ದರಾಯರು ನಿಮ್ಮ ಚೀಟಿಯನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದರು. “ಕೇಳ್ರಿ, ಬಾಯಾರ ಸ್ವತಾ ಬರದಾರ, ತಂದಿದ ತಪ್ಪು ಅಂತ. ಆದ್ರೂ ಆ ತಾಯಿ ದೊಡ್ಡ ಮನಸ್ಸು ಮಾಡ್ಯಾಳ. ಬಾರಲೇ ಮೆಹಬೂಬ, ನಾಳಿಂದ ಬಾ.” ಕೆಲಸ ಸಿಕ್ಕಿತೆಂದು ನಾನು ಬಾಗಿಲಲ್ಲೇ ದೇವರನ್ನು ನೆನೆದೆ. ಅಣ್ಣ ಮುಂದೆ ಹೋಗಿ ಅವರ ಕೈಯಿಂದ ಚೀಟಿ ಇಸಿದುಕೊಂಡ. “ನಮ್ಮಪ್ಪನ ತಪ್ಪು ಅಂತ ಬರದ ಕಾಗದಾ ಹಿಡಕೊಂಡು ನಾ ಹಗೇವು ಇಳ್ಯಾಂಗಿಲ್ರಿ” ಎಂದು ಬಂದುಬಿಟ್ಟ. ನನಗೆ ಅವನ ಮೇಲೆ ಸಿಟ್ಟು ಬಂತು. ಇಷ್ಟು ಸೊಕ್ಕು ನಮಗೆ ಹೇಗೆ ನಡೆಯುತ್ತದೆ ಎಂದು ಒದರಾಡಿದೆ.

ಅವ್ವ ಚೀಟಿಯಲ್ಲಿ ಏನಿದೆ ಎಂದು ಎರಡು ಸಲ ಓದಿಸಿಕೊಂಡಳು. ಎದ್ದುಹೋಗಿ ಜಂತಿಯ ಮೇಲಿನ ಗಂಟು ಇಳಿಸಿದಳು. ಅದರಲ್ಲಿ ಅಪ್ಪನ ತಗಡಿನ ಚಿಮಣಿ ದೀಪ ಇತ್ತು. ಆ ದಿನ ಹೆಣದ ಸಂಗಡ ನಿಮ್ಮ ಆಳು ತಂದುಕೊಟ್ಟದ್ದು. ನಾನು ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ.

“ಬಾಯಾರಿಗೆ ಒಂದು ಮಾತು ಬರಿ” ಎಂದಳು. “ಅವತ್ತ ಮುಂಜಾನೆ ನಾ ಹೊಸಾ ಬತ್ತಿ ಹಾಕಿ ಕೊಟ್ಟಿದ್ದೆ. ಬತ್ತಿ ಸುಟ್ಟೈತಿ. ಇಷ್ಟ ಬರಿ.”

ಬರೆದಿದ್ದೇನೆ. ಅದರ ಅರ್ಥವನ್ನು ಅವ್ವನಿಗೆ ಕೇಳುವ ಧೈರ್ಯ ನನಗಾಗಲಿಲ್ಲ. ನಿಮಗೆ ಕೇಳುತ್ತಿದ್ದೇನೆ.

ಬಾನುಬಿ


ತಿಕೋಟಾ
೨೨ ಜನವರಿ ೧೯೬೭

ಬುಡ್ಡೇಸಾಬನ ಮಗಳು ಬಾನುಬಿಗೆ.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ. ಅಕ್ಟೋಬರಿನಲ್ಲೂ ಚೆನ್ನಾಗಿತ್ತು.

ನೀನು ಅರ್ಥ ಕೇಳಿದ್ದೀ, ಹೇಳುತ್ತೇನೆ. ಬತ್ತಿ ಸುಟ್ಟಿದೆ ಎಂದರೆ ನಿನ್ನಪ್ಪ ಅಂದು ದೀಪ ಹಚ್ಚಿದ್ದ ಎಂದು. ಹಚ್ಚಿ ಇಳಿಬಿಟ್ಟಿದ್ದ. ದೀಪ ಆರಿತ್ತು. ಅದನ್ನು ನಾನು ನೋಡಿದ್ದೆ.

೧೯೫೭ರ ಮೇ ತಿಂಗಳು. ಜೋಳ ಒಯ್ಯಲು ವಿಜಾಪುರದ ಗಾಂಧಿ ಚೌಕದ ಅಡತಿ ಅಂಗಡಿಯಿಂದ ಐದು ಗಾಡಿ ಮುಂಜಾನೆಯೇ ಬಂದು ನಿಂತಿದ್ದವು. ಹಗೇವಿನ ಬಾಯಿಯ ಕಲ್ಲು ತೆಗೆದು ಇನ್ನೂ ಒಂದು ತಾಸೂ ಆಗಿರಲಿಲ್ಲ. ಹಿಂದಿನ ದಿನವೇ ತೆಗೆಸಬೇಕಿತ್ತು, ಹಣಮಂತರಾಯ ಮರೆತಿದ್ದ. ಗಾಡಿಯವರು ಅವನನ್ನು ಕೆಣಕುತ್ತಿದ್ದರು. “ಏನ್ರಿ ಸಾವ್ಕಾರ್ರ, ಜ್ವಾಳಾ ಒಯ್ಯಾಕ ಬಂದೇವೊ, ನಿಮ್ಮ ಮನ್ಯಾಗ ಅಳೇತನಾ ಮಾಡಾಕ ಬಂದೇವೊ?” ಎಲ್ಲರೂ ನಕ್ಕರು. ನನ್ನ ಮಗನ ಮುಖ ಕೆಂಪಾದದ್ದನ್ನು ನಾನು ಪಡಸಾಲೆಯ ಮೆಟ್ಟಿಲ ಮೇಲೆ ನಿಂತು ನೋಡಿದೆ.

ನಿನ್ನಪ್ಪ ಚಿಮಣಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಮೇಲೆ ಎಳೆದಾಗ ಅದು ಆರಿತ್ತು. “ಆರೇತ್ರಿ ಯಪ್ಪಾ. ಇವತ್ತ ಬ್ಯಾಡ್ರಿ, ನಾಳೆ ಇಳಿತೀನಿ” ಎಂದ. ಹಣಮಂತರಾಯ, “ಗಾಳಿಗೆ ಆರೈತಲೇ, ಇಳಿ. ಅಂಜಿಕಿ ಬಂದ್ರ ಮನೀಗೆ ಹೋಗು” ಎಂದ. ಗಾಡಿಯವರು ಮತ್ತೆ ನಕ್ಕರು.

ಆಗ ಬುಡ್ಡೇಸಾಬ ನನ್ನ ಕಡೆ ತಿರುಗಿದ. ಈ ಮನೆಯಲ್ಲಿ ಕಡೆಯ ಮಾತು ಯಾರದು ಎಂದು ಅವನಿಗೆ ಗೊತ್ತಿತ್ತು. ಚಿಮಣಿಯನ್ನು ಎತ್ತಿ ನನಗೆ ಕಾಣುವಂತೆ ಹಿಡಿದ. ಬತ್ತಿಯ ತುದಿಯಿಂದ ಹೊಗೆಯ ಎಳೆಯೊಂದು ಇನ್ನೂ ನೆಟ್ಟಗೆ ಮೇಲೇಳುತ್ತಿತ್ತು. ಗಾಳಿ ಇದ್ದಿದ್ದರೆ ಅದು ನೆಟ್ಟಗೆ ಏಳುತ್ತಿರಲಿಲ್ಲ. “ಬಾಯಾರ, ನೀವ ನೋಡಿ ಹೇಳ್ರಿ” ಎಂದ.

ಬೇಡ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಐದು ಗಾಡಿಯವರ ಮುಂದೆ ಮಗನ ಮಾತು ಬೀಳುತ್ತಿತ್ತು. “ನನಗ ಇಲ್ಲಿಂದ ಕಾಣಸಾಂಗಿಲ್ಲಪ್ಪಾ” ಎಂದೆ. ಎಂದು ಒಳಗೆ ಹೋದೆ.

ಅವನು ಚಿಮಣಿಯನ್ನು ಕೆಳಗಿಟ್ಟು ಇಳಿದ. ಮೇಲಕ್ಕೆ ಬರಲಿಲ್ಲ.

ಪಂಚನಾಮೆಯ ದಿನ ಹಣಮಂತರಾಯ ಹೇಳಿದ್ದನ್ನು ಬರೆದರು. ಗಾಡಿಯವರು ಊರು ಸೇರಿದ್ದರು, ಅವರನ್ನು ಯಾರೂ ಕರೆಸಲಿಲ್ಲ. ನನ್ನನ್ನು ಕೇಳಿದಾಗ, ನಾನು ಒಳಗಿದ್ದೆ ಎಂದೆ. ಉಳಿದವರು ಹೆಬ್ಬೆಟ್ಟು ಒತ್ತಿದರು, ನಾನು ಇಂಗ್ಲಿಷಿನಲ್ಲಿ ಸಹಿ ಮಾಡಿದೆ. ಫೌಜದಾರರು, “ಏನ್ ಚಂದ ಅಕ್ಷರ್ರಿ ಬಾಯಾರು” ಎಂದರು. ಆ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು. ನಾಚಿಕೆಯಾಗಬೇಕಾದಲ್ಲಿ ಹೆಮ್ಮೆಯಾಯಿತು ಎಂಬುದನ್ನು ನಿನಗಲ್ಲದೆ ಇನ್ನಾರಿಗೂ ಬರೆದಿಲ್ಲ.

ಆ ನುಡಿಗಟ್ಟನ್ನು ನೀನು ಕೇಳಿದಾಗ, ಎಲ್ಲ ತಿಳಿದೇ ನನ್ನನ್ನು ಚುಚ್ಚುತ್ತಿದ್ದೀ ಎಂದು ಮೊದಲು ಭಾವಿಸಿದೆ. ಹುಡುಗಿಗೆ ಎಷ್ಟು ಸೊಕ್ಕು ಎಂದುಕೊಂಡೇ ಉತ್ತರ ಬರೆದೆ. ಆಮೇಲೆ ನಿನ್ನ ಎರಡನೆಯ ವಾಕ್ಯ ಬಂತು. ನೀನು ನಿಜವಾಗಿ ನನ್ನ ಉಪಕಾರವನ್ನು ನೆನೆಯುತ್ತಿದ್ದೆ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ನೆನೆದದ್ದನ್ನು ತಡೆಯಲಾಗಲಿಲ್ಲ. ಅದಕ್ಕೇ ಹೊಡೆದುಹಾಕು ಎಂದೆ. ಇಷ್ಟಾದರೂ ಸಿದ್ದರಾಯರಿಗೆ ಬರೆಯುವಾಗ ಅದೇ ಸುಳ್ಳನ್ನು ಮತ್ತೆ ಬರೆದೆ. ಅಂದು ಪಡಸಾಲೆಯಲ್ಲಿ ಯೋಚನೆ ಮಾಡಲು ಒಂದು ಗಳಿಗೆ ಮಾತ್ರ ಇತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ಸಲ ಎಂಟು ದಿನ ಯೋಚನೆ ಮಾಡಿಯೇ ಬರೆದೆ.

ನಿಮಗೆ ಕಳಿಸುವ ಜೋಳ ಅದೇ ಹಗೇವಿನದು. ಅದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಹಣಮಂತರಾಯನನ್ನು ಕೂಡಿಸಿಕೊಂಡು ನಾನು ಬರೆಯುವುದನ್ನು ಹೇಳಿದೆ. “ಹತ್ತು ವರ್ಷದ ಹೆಣಾ ಈಗ ಯಾಕ ಎಬ್ಬಸ್ತಿ ಅವ್ವಾ?” ಎಂದ. “ಹೂಳಿದಾಕಿ ನಾ. ನಾನ ಎಬ್ಬಸ್ತೀನಿ” ಎಂದೆ. “ಚಾವಡ್ಯಾಗ ನಾ ಮಾರಿ ಹೆಂಗ ತೋರಸ್ಲಿ?” ಎಂದ. “ಬುಡ್ಡೇಸಾಬನ ಮಗ ಹತ್ತು ವರ್ಷ ತೋರಿಸ್ಯಾನ. ನೀನೂ ತೋರಸು” ಎಂದೆ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನು ನನ್ನ ಮಗ. ಅವನ ಮೇಲೆ ಎಲ್ಲವನ್ನೂ ಹಾಕಬೇಡ. ಅವನು ಸಿಟ್ಟಿನಲ್ಲಿ ಅಂದ, ನಾನು ತಿಳಿದು ಅಂದೆ.

ಸಿದ್ದರಾಯರಿಗೆ ಬೇರೆ ಪತ್ರ ಬರೆದಿದ್ದೇನೆ. ಅಂಟು ಹಚ್ಚಿಲ್ಲ, ಮೊದಲು ನೀವು ಮೂವರೂ ಓದಿರಿ. ಅದರದೇ ಒಂದು ಪ್ರತಿಯನ್ನು ಇಲ್ಲಿಯ ಚಾವಡಿಯಲ್ಲಿ ನಿನ್ನೆ ನಾನೇ ನಿಂತು ಓದಿದೆ. ಸಹಿ ಕನ್ನಡದಲ್ಲಿ ಮಾಡಿದ್ದೇನೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ಕೊಡುವ ಹಕ್ಕು ನಿನ್ನವ್ವ ಇಮಾಮಬಿಯದು.

ಸೋನಾಬಾಯಿ


ಬಬಲೇಶ್ವರ
೧೬ ಏಪ್ರಿಲ್ ೧೯೬೭

ಸೋನಾಬಾಯಿಯವರಿಗೆ.

ನಿಮ್ಮ ಪತ್ರ ಬಂದು ಮೂರು ತಿಂಗಳಾಗುತ್ತ ಬಂತು. ಬರೆಯಲು ಎಷ್ಟೋ ಸಲ ಕೂತೆ. ಯಾವ ಹೆಸರಿನಿಂದ ನಿಮ್ಮನ್ನು ಕರೆಯಬೇಕು ಎಂಬಲ್ಲಿಯೇ ಕೈ ನಿಲ್ಲುತ್ತಿತ್ತು. ಪೂಜ್ಯ ಎಂದು ಬರೆಯಲು ಆಗಲಿಲ್ಲ. ಸಿಟ್ಟಿನ ಮಾತು ಬರೆಯೋಣವೆಂದರೆ ಆ ಅಕ್ಷರವನ್ನು ಕಲಿಸಿದವರೂ ನೀವೇ.

ಸಿದ್ದರಾಯರಿಗೆ ನೀವು ಬರೆದ ಪತ್ರವನ್ನು ಅಣ್ಣ ತಾನೇ ಅವರ ಕಟ್ಟೆಯ ಮೇಲೆ ನಿಂತು ಓದಿದ. ಅವನಿಗೆ ಓದು ಅಷ್ಟಾಗಿ ಬರುವುದಿಲ್ಲ, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಯಾರೂ ಅವಸರ ಮಾಡಲಿಲ್ಲ. ಸಿದ್ದರಾಯರು ತಲೆಯ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈಗ ಅಣ್ಣ ಅಲ್ಲಿಯೇ ಕೆಲಸಕ್ಕಿದ್ದಾನೆ. ಅಪ್ಪನ ಚಿಮಣಿಯನ್ನೇ ಇಳಿಬಿಡುತ್ತಾನೆ, ಒಂದು ಸಲವಲ್ಲ, ಎರಡು ಸಲ. ಮಂದಿ ನಕ್ಕರೂ ಬಿಡುವುದಿಲ್ಲ.

ಯುಗಾದಿಗೆ ನಿಮ್ಮ ಆಳು ತಂದ ಜೋಳದ ಚೀಲವನ್ನು ಅವ್ವ ಬಾಗಿಲಿನಿಂದಲೇ ತಿರುಗಿ ಕಳಿಸಿದಳು. ಗೊತ್ತಿದ್ದೂ ಇಷ್ಟು ದಿನ ಯಾಕೆ ಉಂಡಿ ಎಂದು ನಾನು ಕೇಳಿದೆ. “ನೀವಿಬ್ರು ಸಣ್ಣಾವ್ರಿದ್ರಿ” ಎಂದಳು. ಆಮೇಲೆ, “ಅವರ ಬಾಯಿಲೇ ಬರ್ಲಿ ಅಂತ ಕಾದೆ” ಎಂದಳು. ಈ ಎರಡರಲ್ಲಿ ಯಾವುದು ಹೆಚ್ಚು ನಿಜವೋ ನನಗೆ ತಿಳಿಯಲಿಲ್ಲ.

ಪರೀಕ್ಷೆ ಮುಗಿಯಿತು. ಆ ನುಡಿಗಟ್ಟು ಬರಲಿಲ್ಲ.

ಅವ್ವ ಒಂದು ಕೇಳಿದ್ದಾಳೆ. ಈ ಬೇಸಿಗೆಯಲ್ಲಿ ನಿಮ್ಮ ಹಗೇವು ತೆಗೆಯುವ ದಿನ ತಿಳಿಸಬೇಕಂತೆ. ಚಿಮಣಿ ತಗೊಂಡು ಅಣ್ಣ ಬಂದು ಅಂಗಳದಲ್ಲಿ ನಿಲ್ಲಲಿ, ತಾನು ನಿಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ನಿಲ್ಲುತ್ತೇನೆ ಎನ್ನುತ್ತಾಳೆ. “ಅಲ್ಲಿಂದ ಕಾಣತೈತೊ ಇಲ್ಲೊ, ನಾ ಒಮ್ಮೆ ನನ್ನ ಕಣ್ಣೀಲೆ ನೋಡಬೇಕು” ಎಂದಳು.

ಬಾನುಬಿ


ತಿಕೋಟಾ
೨೪ ಏಪ್ರಿಲ್ ೧೯೬೭

ಬಾನುಬಿಗೆ.

ಮೇ ಹನ್ನೊಂದು, ಗುರುವಾರ. ಹಗೇವಿನ ಕಲ್ಲನ್ನು ಬುಧವಾರ ಮುಂಜಾನೆಯೇ ತೆಗೆಸುತ್ತೇನೆ. ಇಮಾಮಬಿಯ ಮೊಣಕಾಲಿಗೆ ತ್ರಾಸಾಗದಂತೆ ಬಸ್ ಸ್ಟ್ಯಾಂಡಿಗೆ ಗಾಡಿ ಬರುತ್ತದೆ. ಮೆಟ್ಟಿಲ ಮೇಲೆ ಅವಳು ನಿಲ್ಲಲಿ, ನಾನು ಕೆಳಗೆ ಅಂಗಳದಲ್ಲಿರುತ್ತೇನೆ.

ಅಲ್ಲಿಂದ ಕಾಣುತ್ತದೆ.

ಸೋನಾಬಾಯಿ